ಅಪ್ಪ-ಅಮ್ಮನ ಕಿವಿಗೆ ಮಷಿನ್ ಕೊಡಿಸಲು ಹೊರಟ ಮಕ್ಕಳಿಗೆ

ಬೆಂಗಳೂರು, ಪುಣೆ, ದುಬೈ, ನ್ಯೂಜೆರ್ಸಿ ಅಂತ ಊರೂರಿಗೆ ಹೋಗಿ ನೆಲೆಸಿರುವ ಮಕ್ಕಳೇ,

ಊರಲ್ಲಿರುವ ಅಪ್ಪನಿಗೋ ಅಮ್ಮನಿಗೋ ಕಿವಿ ಮಂದವಾಗಿದೆ, ಫೋನಿನಲ್ಲಿ ಹೇಳಿದ್ದು ತಿಳಿಯುತ್ತಿಲ್ಲ, ಟಿ.ವಿ. ಸದ್ದು ಪಕ್ಕದ ಮನೆಗೆ ಕೇಳುತ್ತಿದೆ ಎಂದು ಗೊತ್ತಾದ ಮೇಲೆ ನೀವು ಸುಮ್ಮನೆ ಕೂರುವವರಲ್ಲ. ರಾತ್ರಿಯೆಲ್ಲ ಆನ್‌ಲೈನ್‌ನಲ್ಲಿ ಹುಡುಕುತ್ತೀರಿ, ಬೆಲೆ ಹೋಲಿಸುತ್ತೀರಿ, ಹಬ್ಬಕ್ಕೆ ಬರುವಾಗ ಒಂದು ಮಷಿನ್ ತಂದೇಬಿಡುತ್ತೀರಿ. ಹಾಗೆ ಪ್ರೀತಿಯಿಂದ ತಂದ ಎಷ್ಟೋ ಮಷಿನ್‌ಗಳು ಡಬ್ಬಿಯ ಸಮೇತ ಬೀರು ಸೇರಿರುವುದನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಒಳ್ಳೆಯ ಮಷಿನ್‌ಗಳೇ. ಆದರೆ ಹಾಕಿಕೊಳ್ಳಬೇಕಾದವರನ್ನು ಮನೆಯಲ್ಲೇ ಬಿಟ್ಟು ಹೋಗಿ ಆರಿಸಿದವು.

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಎರಡೂ ಕಿವಿಗೆ ಮಷಿನ್ ಹಾಕಿಕೊಳ್ಳುತ್ತೇನೆ. ನನ್ನ ತಾಯಿ ಕೊನೆಗಾಲದವರೆಗೂ ಪಾಕೆಟ್ ಮಷಿನ್ ಹಾಕಿಕೊಂಡಿದ್ದರು. ನಮ್ಮ ಬಡಾವಣೆಯ ಹಿರಿಯರು ಮಕ್ಕಳು ಕಳಿಸಿದ ಡಬ್ಬಿ ಹಿಡಿದುಕೊಂಡು ‘ಇದನ್ನ ಹೇಗೆ ಹಾಕೋದು ನೋಡಿ ಮೇಡಂ’ ಅಂತ ನನ್ನ ಬಳಿಗೆ ಬರುತ್ತಾರೆ. ಆ ಡಬ್ಬಿಗಳನ್ನು ಬಿಚ್ಚಿ ನೋಡಿ ನೋಡಿಯೇ ಈ ಪತ್ರ ಬರೆಯಬೇಕು ಅನ್ನಿಸಿತು.

ಮೊದಲು ಕಿವಿಯೊಳಗೆ ಏನಾಗಿದೆ ಅನ್ನುವುದನ್ನು ತಿಳಿದುಕೊಳ್ಳಿ. ‘ಕೇಳಿಸುತ್ತೆ ಕಣೋ, ಏನಂದೆ ಅಂತ ತಿಳಿಯಲ್ಲ’ ಎಂದು ಅಪ್ಪ ಹೇಳಿದರೆ ಅದು ನೆಪವಲ್ಲ, ನೂರಕ್ಕೆ ನೂರು ನಿಜ. ಒಳಗಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ಕೂದಲುಕೋಶಗಳಿವೆ. ಶಂಖದ ಬುಡದಲ್ಲಿರುವವು ಕೀಚಲು ದನಿಗಳನ್ನು ಹಿಡಿಯುತ್ತವೆ, ತುದಿಯಲ್ಲಿರುವವು ಗಡಸು ದನಿಗಳನ್ನು. ವಯಸ್ಸಾದಂತೆ ಮೊದಲು ಸವೆಯುವುದು ಬುಡದವು, ಸವೆದದ್ದು ಮತ್ತೆ ಹುಟ್ಟುವುದಿಲ್ಲ. ನಮ್ಮ ಮಾತಿನಲ್ಲಿ ಸ್ವರಗಳು ಗಡಸು ಭಾಗದಲ್ಲಿ ಗಟ್ಟಿಯಾಗಿ ಕೇಳುತ್ತವೆ. ಸ, ಶ, ಚ, ತ, ಕ, ಪ ಇವುಗಳನ್ನು ಒಂದರಿಂದ ಒಂದು ಬೇರೆ ಮಾಡಿ ತೋರಿಸುವ ಸದ್ದು ಮೆಲುವಾದದ್ದು, ಹೆಚ್ಚಾಗಿ ಮೇಲಿನ ಭಾಗದಲ್ಲಿರುವಂಥದ್ದು. ಅದು ಕಳಚಿಹೋದರೆ ಕಪ್ಪು, ತಪ್ಪು ಎರಡೂ ಹೆಚ್ಚುಕಡಿಮೆ ಒಂದೇ. ಮಾತಿನ ಸಂದರ್ಭ ಹಿಡಿದು ಊಹಿಸಿಕೊಳ್ಳುತ್ತಾ ಹೋಗಬೇಕು. ಸಂಜೆಯ ಹೊತ್ತಿಗೆ ತಲೆ ದಣಿದುಬಿಡುತ್ತದೆ. ನಿಮ್ಮ ಅಮ್ಮ ಸಂಜೆಯ ಫೋನಿಗೆ ‘ಹೂಂ, ಹೂಂ’ ಅಂದು ಬೇಗ ಇಟ್ಟುಬಿಡುತ್ತಿದ್ದರೆ ಮುನಿಸಿಕೊಳ್ಳಬೇಡಿ.

ಇನ್ನೊಂದು ತೊಡಕಿದೆ. ‘ಗಟ್ಟಿಯಾಗಿ ಹೇಳು’ ಅನ್ನುತ್ತಾರೆ. ಒಂದಿಷ್ಟು ದನಿ ಏರಿಸಿದರೆ ‘ಯಾಕೆ ಕಿರುಚ್ತೀಯ’ ಅಂತ ರೇಗುತ್ತಾರೆ. ಎರಡೂ ಸರಿಯೇ. ಕೂದಲುಕೋಶ ಸವೆದ ಕಿವಿಗೆ ಮೆಲುದನಿ ಕೇಳುವುದೇ ಇಲ್ಲ, ಗಟ್ಟಿ ದನಿ ಮಾತ್ರ ನಿಮಗೆ ಎಷ್ಟು ಗಟ್ಟಿಯೋ ಅವರಿಗೂ ಅಷ್ಟೇ ಗಟ್ಟಿ. ನಡುವಿನ ಜಾಗ ಕಿರಿದಾಗಿರುತ್ತದೆ. ಸಾವಿರ ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಸೌಂಡ್ ಆಂಪ್ಲಿಫೈಯರ್‌ಗಳು ಸೋಲುವುದು ಇಲ್ಲಿಯೇ. ಅವು ಬಂದ ಸದ್ದನ್ನೆಲ್ಲ ಒಂದೇ ಸಮ ಏರಿಸುತ್ತವೆ: ಫ್ಯಾನಿನ ಗಾಳಿ, ಪಾತ್ರೆಯ ಸದ್ದು, ಮೊಮ್ಮಗನ ಮಾತು, ಎಲ್ಲವನ್ನೂ. ನಿಜವಾದ ಶ್ರವಣ ಸಾಧನ ಹಾಗೆ ಮಾಡುವುದಿಲ್ಲ. ಪೂರ್ತಿ ಡಿಜಿಟಲ್ ಮಷಿನ್‌ಗಳು ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಅಲ್ಲಿಂದ ಈಚಿನ ಮಷಿನ್‌ಗಳು ಸದ್ದನ್ನು ಹಲವು ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಯಲ್ಲಿ ಕಿವಿ ಎಷ್ಟು ಸೋತಿದೆಯೋ ಅಲ್ಲಿ ಅಷ್ಟು ತುಂಬುತ್ತವೆ. ಮೆಲುದನಿಯನ್ನು ಹೆಚ್ಚು ಏರಿಸುತ್ತವೆ, ಗಟ್ಟಿ ದನಿಯನ್ನು ಕಡಿಮೆ ಏರಿಸುತ್ತವೆ, ಒಂದು ಮಿತಿಯ ಮೇಲೆ ಹೋಗಗೊಡುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕಿವಿ ಡಾಕ್ಟರಿಂದ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆಸುವುದರಲ್ಲೇ ಕೆಲಸ ಮುಗಿಯಬಹುದು. ಕಿವಿಯ ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ನಿನ್ನೆ ಚೆನ್ನಾಗಿದ್ದ ಕಿವಿ ಇವತ್ತು ಬೆಳಗ್ಗೆ ಒಮ್ಮೆಲೇ ನಿಂತುಹೋಗಿದೆ ಅಂದರೆ ಮಷಿನ್ ಮಾತೇ ಬೇಡ, ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗುವಂತೆ ಊರಲ್ಲಿರುವ ಯಾರಿಗಾದರೂ ಹೇಳಿ. ಹಠಾತ್ ಕಿವುಡಿಗೆ ಮೊದಲ ಕೆಲವು ದಿನಗಳಲ್ಲಿ ಸಿಗುವ ಚಿಕಿತ್ಸೆಗೆ ಇರುವ ಬೆಲೆ ಆಮೇಲೆ ಇರುವುದಿಲ್ಲ.

ಆ ನಂತರ ಆಡಿಯೋಗ್ರಾಂ, ಅಂದರೆ ಕಿವಿಗೆ ಎಷ್ಟು ಕೇಳುತ್ತದೆ ಎಂದು ಗೆರೆ ಎಳೆದು ತೋರಿಸುವ ಹಾಳೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್‌ವರೆಗಿನ ಶ್ರುತಿ, ಮೇಲಿನಿಂದ ಕೆಳಕ್ಕೆ ಡೆಸಿಬೆಲ್. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ವಯಸ್ಸಾದವರ ಗೆರೆ ಸಾಮಾನ್ಯವಾಗಿ ಎಡಭಾಗದಲ್ಲಿ ಪರವಾಗಿಲ್ಲ ಅನ್ನಿಸುವಂತಿದ್ದು, 2000 ಹರ್ಟ್ಸ್ ದಾಟಿದ ಮೇಲೆ ಜಾರುತ್ತದೆ. ನಾವು ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡರೆ ಈ ಹಾಳೆ ನಿಮಗೂ ಓದಲು ಬರುತ್ತದೆ. ಪರೀಕ್ಷೆ ಸದ್ದು ನುಗ್ಗದ ಕೋಣೆಯಲ್ಲಿ ಆಗಬೇಕು. ನನಗೆ ಮೊದಲ ಸಲ ಪರೀಕ್ಷೆ ಮಾಡಿದ್ದು ಬಸ್‌ಸ್ಟ್ಯಾಂಡ್ ರಸ್ತೆಯ ಒಂದು ಅಂಗಡಿಯಲ್ಲಿ, ಗಾಜಿನ ಬಾಗಿಲ ಹಿಂದೆ. ಹಾರನ್ ಸದ್ದಿನ ನಡುವೆ ‘ಬೀಪ್ ಕೇಳಿಸಿದರೆ ಕೈ ಎತ್ತಿ’ ಅಂದರು. ಆ ಹಾಳೆಯಲ್ಲಿ ಬಂದ ಗೆರೆಯನ್ನು ನಂಬಿ ಎರಡೂ ಕಿವಿಗೆ ಒಂದೇ ಲೆಕ್ಕದ ಮಷಿನ್ ಕೊಟ್ಟರು. ‘ಉಚಿತ ತಪಾಸಣೆ’ ಅನ್ನುವ ಬೋರ್ಡು ಕಂಡಾಗಲೆಲ್ಲ ಒಳಗೆ ಸದ್ದು ನುಗ್ಗದ ಕೋಣೆ ಇದೆಯೇ ಎಂದು ಕೇಳಿ ಅಂತ ನಾನು ಹೇಳುವುದು ಅದಕ್ಕೇ.

ಬೀಪ್ ಪರೀಕ್ಷೆ ಒಂದೇ ಸಾಲದು. ಪದ ಹೇಳಿ ತಿರುಗಿ ಹೇಳಿಸುವ ಪರೀಕ್ಷೆಯೂ ಇದೆ, ಅದು ಅವರ ಮನೆಮಾತಿನಲ್ಲಿ ಆಗಬೇಕು. ಇಂಗ್ಲಿಷ್ ಪದ ಕೇಳಿಸಿ ತೀರ್ಥಹಳ್ಳಿಯ ಅಜ್ಜಿಯ ಕಿವಿ ಅಳೆಯುವುದರಲ್ಲಿ ಅರ್ಥವಿಲ್ಲ. ಕನ್ನಡದ ಪದಪಟ್ಟಿಗಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಯಾರಿಸಿದ್ದಾರೆ. ಪರೀಕ್ಷೆ ಮಾಡುವವರನ್ನು ಕೇಳಿದರೆ ಬಳಸುತ್ತಾರೆ, ಕೇಳಲು ಮುಜುಗರ ಬೇಡ.

ಈಗ ಮಷಿನ್‌ಗಳ ವಿಷಯ. ನಿಮ್ಮಲ್ಲಿ ಹೆಚ್ಚಿನವರು ನೋಡಿಯೇ ಪಕ್ಕಕ್ಕೆ ಸರಿಸುವ ಪಾಕೆಟ್ ಮಷಿನ್‌ನಿಂದಲೇ ಶುರು ಮಾಡುತ್ತೇನೆ. ಜೇಬಿನಲ್ಲಿಡುವ ಪುಟ್ಟ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು, ಪೆನ್ಸಿಲ್ ಸೆಲ್ಲು. ನೋಡಲು ಹಳೆಯದು, ನಿಜ. ಅಮ್ಮ ಅದನ್ನು ಸೆರಗಿನ ಮರೆಯಲ್ಲಿ ಪಿನ್ ಹಾಕಿ ಸಿಕ್ಕಿಸಿಕೊಳ್ಳುತ್ತಿದ್ದರು. ಮೈಕ್ ಎದೆಯ ಮೇಲಿರುವುದರಿಂದ ಸೆರಗು ಸವರಿದಾಗಲೆಲ್ಲ ಬರ್ರ್ ಅಂತ ಸದ್ದು. ಆದರೂ ಅವರಿಗೆ ಬೇರೆ ಯಾವುದೂ ಒಗ್ಗಲಿಲ್ಲ. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದ ಅವರಿಗೆ ಆ ಡಬ್ಬಿಯ ದಪ್ಪ ಚಕ್ರ ತಿರುಗಿಸಲು ಬರುತ್ತಿತ್ತು. ಸೆಲ್ಲು ಮುಗಿದರೆ ಮೂಲೆಯ ಕಿರಾಣಿ ಅಂಗಡಿಯಲ್ಲಿ ಸಿಗುತ್ತಿತ್ತು. ಮೈಕು ಎದೆಯಲ್ಲಿ, ಸ್ಪೀಕರು ಕಿವಿಯಲ್ಲಿ, ಎರಡಕ್ಕೂ ದೂರ ಇರುವುದರಿಂದ ಸದ್ದು ಎಷ್ಟು ಏರಿಸಿದರೂ ಕುಯ್ ಅನ್ನುವ ಶಿಳ್ಳೆ ಕಡಿಮೆ. ತೊಂಬತ್ತು ದಾಟಿದ, ಕೈ ನಡುಗುವ, ಕಿವಿ ತೀರಾ ಮಂದವಾದವರಿಗೆ ಇವತ್ತಿಗೂ ಇದು ಸರಿಯಾದ ಆಯ್ಕೆ ಆಗಿರಬಹುದು. ‘ನಮ್ಮಮ್ಮನಿಗೆ ಇದಾ?’ ಎಂದು ನೀವು ನಾಚಿಕೊಳ್ಳಬೇಕಿಲ್ಲ.

ಕಿವಿಯ ಹಿಂದೆ ಕೂರುವ ಮಷಿನ್ ಎಲ್ಲರಿಗೂ ಗೊತ್ತಿರುವಂಥದ್ದು, ಬಿ.ಟಿ.ಇ. ಅನ್ನುತ್ತಾರೆ. ಯಂತ್ರವೆಲ್ಲ ಕಿವಿಯ ಹಿಂದೆ, ಅಲ್ಲಿಂದ ಒಂದು ಪ್ಲಾಸ್ಟಿಕ್ ಕೊಳವೆ, ಕೊನೆಯಲ್ಲಿ ಕಿವಿಯ ಅಚ್ಚಿಗೆ ಹೊಂದುವ ಮೋಲ್ಡ್. ಇದರ ಜೀವ ಇರುವುದು ಆ ಮೋಲ್ಡ್‌ನಲ್ಲಿ. ಕಿವಿಯೊಳಗೆ ಮೊದಲು ಸಣ್ಣ ಸ್ಪಂಜು ಇಟ್ಟು, ಮೆತ್ತನೆಯ ಸಿಲಿಕೋನ್ ತುಂಬಿ, ಗಟ್ಟಿಯಾದ ಮೇಲೆ ತೆಗೆದು ಅದರಿಂದ ಅಚ್ಚು ಮಾಡುತ್ತಾರೆ. ಅದು ಸಡಿಲವಾದರೆ ಸದ್ದು ಸೋರಿ ಶಿಳ್ಳೆ ಹೊಡೆಯುತ್ತದೆ, ಬಿಗಿಯಾದರೆ ಕಿವಿ ನೋಯುತ್ತದೆ. ‘ಮಷಿನ್ ಸರಿ ಇಲ್ಲ, ಕುಯ್ಯೋ ಅನ್ನುತ್ತೆ’ ಎಂದು ನನ್ನ ಬಳಿ ಬಂದವರಲ್ಲಿ ಅನೇಕರಿಗೆ ಬೇಕಿದ್ದದ್ದು ಹೊಸ ಮೋಲ್ಡ್ ಮಾತ್ರ. ತೂಕ ಇಳಿದಾಗ, ವರ್ಷಗಳು ಕಳೆದಾಗ ಕಿವಿಯ ಕೊಳವೆಯ ಆಕಾರವೂ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಅಚ್ಚನ್ನೂ ಬದಲಿಸಬೇಕು. ತೀವ್ರವಾಗಿ ಕಿವಿ ಮಂದವಾದವರಿಗೆ ಬೇಕಾದ ಬಲ ಈ ಮಷಿನ್‌ಗಿದೆ. ಗಟ್ಟಿಮುಟ್ಟು, ರಿಪೇರಿಯೂ ಸುಲಭ.

ಈಗ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೋರಿಸುವುದು ಆರ್.ಐ.ಸಿ. ನಾನು ಹಾಕಿಕೊಳ್ಳುವುದೂ ಅದನ್ನೇ. ಇದೂ ಕಿವಿಯ ಹಿಂದೆಯೇ ಕೂರುತ್ತದೆ, ಆದರೆ ಸಣ್ಣದು. ಸ್ಪೀಕರು ಮಾತ್ರ ಕೂದಲೆಳೆಯಂಥ ತಂತಿಯ ತುದಿಯಲ್ಲಿ, ಕಿವಿಯ ಕೊಳವೆಯೊಳಗೆ. ತುದಿಗೆ ಮೋಲ್ಡ್ ಬದಲು ಮೆತ್ತನೆಯ ಟೋಪಿ, ಅದಕ್ಕೆ ಡೋಮ್ ಅನ್ನುತ್ತಾರೆ. ತೂತುಗಳಿರುವ ಡೋಮ್ ಹಾಕಿದರೆ ಗಡಸು ದನಿಗಳು ತಮ್ಮ ಪಾಡಿಗೆ ತಾವು ಒಳಬರುತ್ತವೆ, ಮಷಿನ್ ಕಳೆದುಹೋದ ಕೀಚಲು ಭಾಗವನ್ನಷ್ಟೇ ಸೇರಿಸುತ್ತದೆ. ಕಿವಿ ಪೂರ್ತಿ ಮುಚ್ಚಿದರೆ ತನ್ನದೇ ಮಾತು ಕೊಡದೊಳಗಿಂದ ಬಂದಂತೆ ಕೇಳುತ್ತದೆ, ಆ ತೊಂದರೆ ಇಲ್ಲಿ ಕಡಿಮೆ. ಎಡಭಾಗ ಚೆನ್ನಾಗಿದ್ದು ಬಲಕ್ಕೆ ಜಾರುವ ಗೆರೆಯವರಿಗೆ ಇದಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ. ಕಷ್ಟ ಒಂದೇ: ಸ್ಪೀಕರು ಕಿವಿಯೊಳಗೇ ಇರುವುದರಿಂದ ಗುಗ್ಗೆ ಸೇರಿ ಬಾಯಿ ಕಟ್ಟಿಕೊಳ್ಳುತ್ತದೆ. ಸಾಸಿವೆಯಷ್ಟಿರುವ ಬಿಳಿ ಜಾಲರಿಯನ್ನು ಒಂದು ಕಡ್ಡಿಯಿಂದ ಕಿತ್ತು, ಅದೇ ಕಡ್ಡಿಯ ಇನ್ನೊಂದು ತುದಿಯಿಂದ ಹೊಸದನ್ನು ಒತ್ತಬೇಕು. ಕಣ್ಣು ಮಂಜಾದ ಅಪ್ಪನಿಗೆ ಇದು ಆಗುತ್ತದೆಯೇ, ಆಗದಿದ್ದರೆ ಮನೆಯಲ್ಲಿ ಯಾರು ಮಾಡುತ್ತಾರೆ? ಕೊಳ್ಳುವ ಮೊದಲೇ ಅಂಗಡಿಯಲ್ಲಿ ಅವರ ಕೈಯಿಂದ ಮಾಡಿಸಿ ನೋಡಿ.

ಕಿವಿಯೊಳಗೆ ಮರೆಯಾಗಿಬಿಡುವ ಪುಟ್ಟ ಮಷಿನ್‌ಗಳೂ ಇವೆ, ಸಿ.ಐ.ಸಿ., ಐ.ಐ.ಸಿ. ಅಂತ. ‘ಯಾರಿಗೂ ಕಾಣಲ್ಲ’ ಅನ್ನುವುದೇ ಅವುಗಳ ಜಾಹೀರಾತು. ಇನ್ನೂ ಕೆಲಸಕ್ಕೆ ಹೋಗುವವರಿಗೆ, ಕಿವಿ ಸ್ವಲ್ಪವೇ ಮಂದವಾದವರಿಗೆ ಚೆನ್ನ. ಎಂಬತ್ತರ ಅಪ್ಪನಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಬಲ ಕಡಿಮೆ, ಬೆವರಿಗೂ ಗುಗ್ಗೆಗೂ ಬೇಗ ಕೆಡುತ್ತವೆ, ಅತಿ ಸಣ್ಣ ಸೆಲ್ಲು ನಾಲ್ಕೈದು ದಿನಕ್ಕೇ ಮುಗಿಯುತ್ತದೆ, ಕೈಜಾರಿ ಬಿದ್ದರೆ ಹುಡುಕುವುದು ಕಷ್ಟ.

ಬಹುಕಾಲದಿಂದ ಕಿವಿ ಸೋರುವವರು ಕಿವಿಯೊಳಗೆ ಏನನ್ನೂ ತುರುಕಬಾರದು. ಅಂಥವರಿಗೆ ತಲೆಯ ಮೂಳೆಯ ಮೂಲಕ ಸದ್ದನ್ನು ಒಳಗಿವಿಗೆ ತಲುಪಿಸುವ ಮಷಿನ್‌ಗಳಿವೆ. ಒಂದು ಕಿವಿ ಪೂರ್ತಿ ಸತ್ತು ಇನ್ನೊಂದು ಚೆನ್ನಾಗಿದ್ದರೆ, ಸತ್ತ ಕಿವಿಯ ಕಡೆಯ ಮಾತನ್ನು ಈ ಕಿವಿಗೆ ದಾಟಿಸುವ ಕ್ರಾಸ್ ಎಂಬ ಜೋಡಿ ಇದೆ. ಯಾವ ಮಷಿನ್‌ನಿಂದಲೂ ಮಾತು ತಿಳಿಯದ ಹಂತಕ್ಕೆ ಬಂದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದು ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ ಹಾಕುತ್ತಾರೆ.

ಸೆಲ್ಲೋ ಚಾರ್ಜರೋ ಎಂದು ಕೇಳುತ್ತೀರಿ. ಬಟನ್ ಸೆಲ್ಲುಗಳು ಗಾಳಿಯಿಂದ ಕೆಲಸ ಮಾಡುವ ಜಿಂಕ್-ಏರ್ ಸೆಲ್ಲುಗಳು. ಬಣ್ಣದ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಹಳದಿ 10, ಕಂದು 312, ಕಿತ್ತಳೆ 13, ನೀಲಿ 675. ಅಂಕೆ ನೆನಪಿಲ್ಲದಿದ್ದರೂ ಬಣ್ಣ ಹೇಳಿದರೆ ಅಂಗಡಿಯವರು ಕೊಡುತ್ತಾರೆ. ಆದರೆ ತಾಲ್ಲೂಕು ಕೇಂದ್ರದಲ್ಲಿ ಈ ಸೆಲ್ಲು ಸಿಗುವುದೇ ಎಂದು ಮೊದಲು ವಿಚಾರಿಸಿ. ಬೆರಳಿಗೆ ಬಲವಿಲ್ಲದವರಿಗೆ ಚಾರ್ಜ್ ಮಾಡುವ ಮಷಿನ್ ದೊಡ್ಡ ಉಪಕಾರ: ರಾತ್ರಿ ಡಬ್ಬಿಯಲ್ಲಿಟ್ಟರೆ ಮಾರನೆಯ ದಿನ ಪೂರ್ತಿ ನಡೆಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಮಲೆನಾಡಿನ ಮನೆಗಾದರೆ ತನ್ನೊಳಗೇ ಬ್ಯಾಟರಿ ಇರುವ ಚಾರ್ಜರ್ ಡಬ್ಬಿ ತೆಗೆದುಕೊಳ್ಳಿ. ಕರಾವಳಿಯವರು ರಾತ್ರಿ ಮಷಿನ್‌ನ ತೇವ ಆರಿಸಲು ಸಿಲಿಕಾ ಜೆಲ್ ಡಬ್ಬಿಯನ್ನೋ, ತೇವ ಹೀರುವ ಚಾರ್ಜರನ್ನೋ ಇಟ್ಟುಕೊಳ್ಳಲೇಬೇಕು.

ಅಮೆರಿಕದಲ್ಲಿರುವವರಿಗೆ ಎರಡು ಮಾತು. ಅಲ್ಲಿ 2022ರ ಅಕ್ಟೋಬರ್‌ನಿಂದ ವೈದ್ಯರ ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲೇ ಶ್ರವಣ ಸಾಧನ ಕೊಳ್ಳಬಹುದು. 2024ರ ಸೆಪ್ಟೆಂಬರ್‌ನಲ್ಲಿ ಏರ್‌ಪಾಡ್ಸ್ ಪ್ರೊ 2ರ ತಂತ್ರಾಂಶಕ್ಕೂ ಶ್ರವಣ ಸಾಧನವಾಗಿ ಅನುಮತಿ ಸಿಕ್ಕಿತು. ಎರಡೂ ಹದಿನೆಂಟು ದಾಟಿದವರಿಗೆ, ಅಲ್ಪದಿಂದ ಮಧ್ಯಮ ಪ್ರಮಾಣದ ಮಂದತನಕ್ಕೆ ಮಾತ್ರ. ಅರವತ್ತರ ಆಸುಪಾಸಿನ, ಐಫೋನ್ ಬಳಸುವ, ಗದ್ದಲದಲ್ಲಿ ಮಾತ್ರ ತಡವರಿಸುವ ತಂದೆಗೆ ಇವು ಒಳ್ಳೆಯ ಆರಂಭ. ಬಾಗಿಲ ಗಂಟೆಯೂ ಕೇಳದ ಅಜ್ಜಿಗೆ ಬಲ ಸಾಲದು. ಅಲ್ಲಿನ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ ಕೊಂಡ ದುಬಾರಿ ಮಷಿನ್ ತರುವವರೂ ಇದ್ದೀರಿ. ಅದನ್ನು ಇಲ್ಲಿ ಸರಿಹೊಂದಿಸಲು ಸಾಧ್ಯವೇ ಎಂದು ಮೊದಲೇ ಕೇಳಿ. ಕೆಲವು ಮಾರಾಟ ಸರಪಳಿಗಳ ಮಷಿನ್‌ಗಳನ್ನು ಬೇರೆಯವರ ಸಾಫ್ಟ್‌ವೇರ್‌ನಿಂದ ತೆರೆಯಲು ಬರದಂತೆ ಬೀಗ ಹಾಕಿರುತ್ತಾರೆ. ನೀವು ವಾಪಸು ಹೋದ ಮೇಲೆ ಶಿವಮೊಗ್ಗದಲ್ಲಿ ಅದನ್ನು ಮುಟ್ಟುವವರೇ ಇರುವುದಿಲ್ಲ.

ಬೆಲೆ ಕೆಲವು ಸಾವಿರದಿಂದ ಲಕ್ಷಗಳವರೆಗೂ ಇದೆ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಪ್ರಶ್ನಿಸಿ. ಬೆಲೆ ಏರಿದಂತೆ ಸಿಗುವುದು ಮುಖ್ಯವಾಗಿ ಗದ್ದಲ ನಿಭಾಯಿಸುವ ಶಕ್ತಿ: ಎದುರಿಗಿರುವವರ ಮಾತನ್ನು ಹಿಡಿದು ಹಿಂದಿನ ಸದ್ದನ್ನು ತಗ್ಗಿಸುವ ಜೋಡಿ ಮೈಕು, ಸದ್ದಿನ ಹೆಚ್ಚು ಪಟ್ಟಿಗಳು, ಬ್ಲೂಟೂತ್. ದಿನವೆಲ್ಲ ಸೊಸೈಟಿ, ಸಭೆ, ಸಂತೆ ಅಂತ ಓಡಾಡುವ ಅಪ್ಪನಿಗೆ ಅದಕ್ಕೆ ಹಣ ಹಾಕಿ. ಮನೆಯಲ್ಲಿ ಇಬ್ಬರೇ ಇದ್ದು, ಸಂಜೆ ಟಿ.ವಿ. ನೋಡಿ, ಭಾನುವಾರ ನಿಮ್ಮ ಫೋನಿಗೆ ಕಾಯುವ ಅಮ್ಮನಿಗೆ ನಡುವಿನ ದರ್ಜೆಯ ಮಷಿನ್ ಸಾಕು. ಉಳಿದ ಹಣದಲ್ಲಿ ಟಿ.ವಿ. ಸದ್ದನ್ನು ನೇರ ಕಿವಿಗೆ ಕಳಿಸುವ ಚಿಕ್ಕ ಪೆಟ್ಟಿಗೆ ಕೊಡಿಸಿ. ಅವರ ಆಂಡ್ರಾಯ್ಡ್ ಫೋನಿಗೆ ಮಷಿನ್ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಜೋಡಿಸಿ ಕರೆ ಮಾಡಿ ನೋಡಿ. ಇಷ್ಟು ಹೇಳಿದ ಮೇಲೂ ಎರಡೂ ಕಿವಿ ಮಂದವಾಗಿದ್ದರೆ ಒಂದು ದುಬಾರಿ ಮಷಿನ್‌ಗಿಂತ ಎರಡು ಸಾಧಾರಣ ಮಷಿನ್‌ಗಳೇ ಮೇಲು. ಮಾತು ಯಾವ ಕಡೆಯಿಂದ ಬಂತು ಎಂದು ತಿಳಿಯಲು ಎರಡು ಕಿವಿ ಬೇಕು.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು ಇನ್ನು ಮುಂದಿನದು. ಮಷಿನ್ ಕೊಂಡ ದಿನ ಕೆಲಸ ಶುರುವಾಗುತ್ತದೆ ಅಷ್ಟೆ. ಕಿವಿಯ ತಮಟೆಯ ಹತ್ತಿರಕ್ಕೆ ಸಣ್ಣ ನಳಿಕೆ ಇಳಿಸಿ, ಮಷಿನ್‌ನಿಂದ ಅಲ್ಲಿಗೆ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆಯುವ ವಿಧಾನ ಇದೆ. ಅದನ್ನು ಮಾಡುವ ಕಡೆಯೇ ಹೋಗಿ. ಮೊದಲ ದಿನ ಚಪ್ಪಲಿಯ ಸದ್ದು, ನೀರು ಬೀಳುವ ಸದ್ದು, ಪೇಪರ್ ಮಡಿಸುವ ಸದ್ದು ಎಲ್ಲವೂ ಮೈಮೇಲೆ ಬಿದ್ದ ಹಾಗಾಗುತ್ತದೆ. ವರ್ಷಗಟ್ಟಲೆ ಆ ಸದ್ದುಗಳನ್ನೇ ಕೇಳದ ಮಿದುಳು ಯಾವುದನ್ನು ಕಡೆಗಣಿಸಬೇಕು ಅನ್ನುವುದನ್ನು ಮರೆತಿರುತ್ತದೆ, ಮತ್ತೆ ಕಲಿಯಲು ಅದಕ್ಕೆ ವಾರಗಳು ಬೇಕು. ಮೊದಲು ಶಾಂತ ಕೋಣೆಯಲ್ಲಿ ಒಬ್ಬರ ಜೊತೆ, ಆಮೇಲೆ ಅಡುಗೆಮನೆ, ಆಮೇಲೆ ದೇವಸ್ಥಾನ, ವಾದ್ಯ ಮೊಳಗುವ ಮದುವೆಮನೆ ಎಲ್ಲದರ ಕೊನೆಗೆ. ಎರಡು ವಾರಕ್ಕೊಮ್ಮೆ ಆಡಿಯಾಲಜಿಸ್ಟ್ ಬಳಿ ಹೋಗಿ ‘ಸ್ಟೀಲ್ ಲೋಟದ ಸದ್ದು ಚುಚ್ಚುತ್ತೆ’ ಅನ್ನುವಂಥ ದೂರು ಹೇಳಿ ಸರಿಹೊಂದಿಸಿಕೊಂಡು ಬರಬೇಕು. ಈ ಓಡಾಟಕ್ಕೆ ಜೊತೆ ಯಾರೂ ಇಲ್ಲದ್ದರಿಂದಲೇ ಮಷಿನ್‌ಗಳು ಬೀರು ಸೇರುವುದು. ನಾಲ್ಕು ದಿನದ ರಜೆಯಲ್ಲಿ ಬಂದು ಕೊಡಿಸಿ ಹೋಗುವ ಬದಲು, ಈ ತಿರುಗಾಟಕ್ಕೆ ಅಕ್ಕನನ್ನೋ ನೆರೆಮನೆಯ ಹುಡುಗನನ್ನೋ ಗೊತ್ತು ಮಾಡಿ ಆಮೇಲೆ ಕೊಡಿಸಿ. ಮನೆಯವರಿಗೂ ಹೇಳಿಡಿ: ಇನ್ನೊಂದು ಕೋಣೆಯಿಂದ ಕೂಗಬೇಡಿ, ಎದುರಿಗೆ ಕೂತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ. ಎಂಥ ಮಷಿನ್ ಆದರೂ ಒಂದೆರಡು ಮೀಟರ್ ಆಚೆ ಹೋದಂತೆ ಸೋಲುತ್ತದೆ.

ಹಣದ ಅಡಚಣೆ ಇದ್ದವರಿಗೂ ದಾರಿಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆಯುತ್ತಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಮೋಲ್ಡ್, ಮಷಿನ್ ಎಲ್ಲವೂ ಒಂದೇ ಆವರಣದಲ್ಲಿ ಆಗುತ್ತದೆ. ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಮಷಿನ್ ಸಿಗುತ್ತದೆ. ಅರವತ್ತು ದಾಟಿದ ಬಡ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಶಿಬಿರಗಳ ದಿನಾಂಕವನ್ನು ಜಿಲ್ಲೆಯ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಆಧಾರ್, ಆದಾಯ ಪ್ರಮಾಣಪತ್ರ, ಫೋಟೊ ಜೊತೆಗಿರಲಿ.

ಈ ಭಾನುವಾರ ಫೋನ್ ಮಾಡಿದಾಗ ಯಾವ ಕಂಪನಿ, ಎಷ್ಟು ಬೆಲೆ ಅನ್ನುವ ಮಾತು ತೆಗೆಯಬೇಡಿ. ಯಾರ ಮಾತು ತಿಳಿಯುವುದಿಲ್ಲ, ಎಲ್ಲಿ ಕೂತಾಗ ಕಷ್ಟವಾಗುತ್ತದೆ, ಬೆರಳಿಗೆ ಸಣ್ಣ ವಸ್ತು ಹಿಡಿಯಲು ಆಗುತ್ತದೆಯೇ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು, ಅವರನ್ನು ಕರೆದುಕೊಂಡು ಹೋಗಿ, ಆ ಹಾಳೆಯನ್ನು ಆಡಿಯಾಲಜಿಸ್ಟ್ ಕೈಗೆ ಕೊಡಿ. ಆಡಿಯಾಲಜಿಸ್ಟ್ ಪ್ರಶ್ನೆ ಕೇಳಿದಾಗ ನೀವು ಉತ್ತರ ಕೊಡಬೇಡಿ, ಅಪ್ಪ-ಅಮ್ಮನೇ ಹೇಳಲಿ.

ಇಂತಿ,
ಎರಡೂ ಕಿವಿಗೆ ಮಷಿನ್ ಹಾಕಿಕೊಂಡಿರುವ ನಿಮ್ಮ ಊರಿನ ಒಬ್ಬ ಶಿಕ್ಷಕಿ